ಕಾಲೊತ್ತಿದ ಕೈ

ಕಾಲುಚೀಲ ಎಡಗಾಲಿಗೆ ಹತ್ತಲೇ ಇಲ್ಲ. ಎಳೆದೆಳೆದು ಸಾಕಾಗಿ ಅವಳು ನಾದಿನಿಯ ಮುಖ ನೋಡಿದಳು. ಗಂಡನ ತಂಗಿ ಆಸ್ಪತ್ರೆಯಲ್ಲಿ ನರ್ಸು. ಅಣ್ಣನ ಹೆಣಕ್ಕೆ ಅವಳೇ ಅಂಗಿ ತೊಡಿಸುತ್ತಿದ್ದಳು.

"ಬಿಡಿ ಅತ್ತಿಗೆ, ಬಾತುಬಿಟ್ಟಿದೆ. ಹೊದಿಸಿದ್ರೆ ಕಾಣಲ್ಲ."

ಹೊರಗೆ ಗಂಡನ ಸಲೂನಿನ ಹಳೇ ಗಿರಾಕಿಗಳು ಕೂತಿದ್ದರು. "ನನ್ನ ತಲೇಲಿರೋ ನಾಲ್ಕು ಕೂದಲಿಗೂ ಅರ್ಧ ಗಂಟೆ ಕತ್ತರಿ ಆಡಿಸ್ತಿದ್ದ ಪುಣ್ಯಾತ್ಮ," ಎಂದ ಬೋಳುತಲೆಯವನೊಬ್ಬ ನಗಲು ಹೋಗಿ ಅತ್ತುಬಿಟ್ಟ.

"ದಿನಾ ನಾನೇ ಒತ್ತುತಿದ್ನಲ್ಲ ಈ ಕಾಲನ್ನ," ಒಳಗೆ ಅವಳೆಂದಳು. "ಎಣ್ಣೆ ಹಾಕಿ, ಗಟ್ಟಿಯಾಗಿ."

ನಾದಿನಿಯ ಕೈ ತಟ್ಟನೆ ನಿಂತಿತು. "ಒತ್ತುತಿದ್ರಾ? ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ, ಒತ್ತಿದ್ರೆ ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗುತ್ತೆ, ಒತ್ತಿಸ್ಕೋಬೇಡ ಅಂತ ಡಾಕ್ಟ್ರು ನನ್ನೆದುರಿಗೇ ಅಣ್ಣಂಗೆ ಹೇಳಿದ್ರಲ್ಲ! ನಿಮಗೆ ಹೇಳಲಿಲ್ವಾ?"

ಅವಳು ಕಾಲಿನ ಮೇಲಿಂದ ಕೈ ತೆಗೆದಳು.

*

ಮೂವತ್ತು ವರ್ಷ ಅವನು ಊರವರ ತಲೆಯನ್ನೆಲ್ಲ ಮುಟ್ಟಿದ. ಮನೆಗೆ ಬಂದರೆ ಉಂಡು ಗೋಡೆಗೆ ಮುಖ ಮಾಡಿ ಮಲಗುವುದೇ. ನಿಂತು ನಿಂತು ಕಾಲು ಊದಿತೆಂದು ಒಂದು ಸಂಜೆ ಅವಳೇ ಎಣ್ಣೆಯ ಬಟ್ಟಲು ಹಿಡಿದು ಬಂದು ಕೂತಳು. ಆಮೇಲೆ ಅದೇ ರೂಢಿಯಾಯಿತು. ಹೊಟ್ಟೆಯಲ್ಲಿ ಕ್ಯಾನ್ಸರೆಂದು ಗೊತ್ತಾದ ಮೇಲೂ ಸಂಜೆಯಾದರೆ ಕಾಲು ಚಾಚುತ್ತಿದ್ದ.

"ನೋಯುತ್ತಾ?"

"ನೋಯ್ಲಿ ಬಿಡು. ನೀನು ಮಾತ್ರ ಕೈ ತೆಗೀಬೇಡ ಕಣೇ."

ಆ ಅರ್ಧ ಗಂಟೆಗಾಗಿ ಅವಳು ಬೆಳಗಿನಿಂದ ಕಾಯುತ್ತಿದ್ದಳು. ಹೊಸ ಮದುವಣಗಿತ್ತಿಯೂ ಹಾಗೆ ಕಾದಿರಲಾರಳು.

*

"ನಾನೇ ಕೊಂದ್ನಾ?"

"ಹಾಗನ್ಬೇಡಿ. ಅಣ್ಣನ ಹೊಟ್ಟೇಲಿದ್ದ ಗಡ್ಡೆ ಲೋಳೆ ಸುರಿಸೋ ಜಾತೀದು. ಅದು ಮೈಯಲ್ಲಿರೋ ರಕ್ತಾನೇ ಹೆಪ್ಪುಗಟ್ಟಿಸುತ್ತೆ. ಮೊದಲು ಕಾಲು, ಆಮೇಲೆ ತೋಳು, ಕೊನೆಗೆ ಶ್ವಾಸಕೋಶ. ತೋಳನ್ನೂ ನೀವು ಒತ್ತಿದ್ರಾ?"

"ಇಲ್ಲ."

"ಅಲ್ಲೂ ಹೆಪ್ಪುಗಟ್ಟಿತ್ತಲ್ಲ." ನಾದಿನಿ ಅಣ್ಣನ ತೋಳಿನ ಮೇಲೆ ಅಂಗಿ ಎಳೆದಳು. "ಒತ್ತಿದ್ರಿಂದ ಏನೂ ಆಗಿಲ್ಲ ಅಂತ ಆಣೆ ಮಾಡಕ್ಕಾಗಲ್ಲ ಅತ್ತಿಗೆ. ಆದ್ರೆ ಅಣ್ಣಂಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ಕಾಲು ಚಾಚಿದಾನೆ."

ಗೊತ್ತಿದ್ದೂ! ಕಳ್ಳ. ಬಾಯಿಬಿಟ್ಟು ಒಂದು ಸಲ ಬಾ ಎಂದಿದ್ದರೆ ಸಾಕಿತ್ತು, ಕಾಲೇ ನೋಯಬೇಕಿತ್ತೇ? ಸಿಟ್ಟು ಬರಬೇಕಿತ್ತು, ಬಂತು ಕೂಡ. ಅದಕ್ಕಿಂತ ಹೆಚ್ಚಾಗಿ ಅವನು ಬೇಕು, ಈಗಲೇ ಬೇಕು ಅನ್ನಿಸಿತು.

ಬೋಳುತಲೆಯವನು ಬಾಗಿಲಲ್ಲಿ ಕೆಮ್ಮಿದ. "ಗಾಡಿ ಬಂತಮ್ಮಾ. ಎತ್ತೋಣ್ವಾ?"

"ಸ್ವಲ್ಪ ಇರಿ," ಎಂದು ಅವಳು ನಾದಿನಿಯನ್ನೂ ಮೆಲ್ಲಗೆ ಹೊರಗೆ ಕಳಿಸಿದಳು. ಹಾಡುಹಗಲಲ್ಲಿ, ಮನೆ ತುಂಬ ಜನರಿರುವಾಗ, ಎಣ್ಣೆಯ ಬಟ್ಟಲು ಕೈಗೆತ್ತಿಕೊಂಡು ಒಳಗಿನಿಂದ ಚಿಲಕ ಹಾಕಿಕೊಂಡಳು.