ಒಂದಡಿ ಬಾಗಿದ ಬೇಲಿ

ಬೇಲಿ ಹಾಕುವುದನ್ನೇ ಕಸುಬಾಗಿಸಿಕೊಂಡಿದ್ದ ಅಣ್ಣ ತಮ್ಮಂದಿರಿಗೆ ತಮ್ಮ ಹಿತ್ತಲಿನ ನಡುವೆಯೇ ಬೇಲಿ ಹಾಕಿಕೊಳ್ಳುವ ಕಾಲ ಬಂತು. ಅಪ್ಪ ತೀರಿಕೊಂಡ ಮೇಲೆ ಹಿತ್ತಲು ಪಾಲಾಗಿತ್ತು. ಅಳತೆಯ ದಿನ ಮಾತಿಗೆ ಮಾತು ಬೆಳೆದು, ಅಂದಿನಿಂದ ಅಣ್ಣ ತಮ್ಮನೊಡನೆ ತುಟಿ ಬಿಚ್ಚಿರಲಿಲ್ಲ.

ಗುಂಡಿ ತೋಡುವ ಪೆಟ್ರೋಲ್ ಬೈರಿಗೆ ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಎದುರುಬದುರು ನಿಂತು ಇಬ್ಬರೂ ಹಿಡಿಯಬೇಕು, ಒಟ್ಟಿಗೇ ಅದುಮಿ ಒಟ್ಟಿಗೇ ಎತ್ತಬೇಕು. ವೇಗದ ಹಿಡಿ ಅಣ್ಣನದು. ಆದರೆ ಎಂಜಿನ್ನು ಅಡ್ಡವಾಗಿ ಅವನಿಗೆ ಗುಂಡಿ ಕಾಣುವುದಿಲ್ಲ. ಮಣ್ಣಿನ ಮೇಲೆ ಕಣ್ಣಿಟ್ಟು ‘ನಿಲ್ಸು’ ಎಂದು ಕೂಗುವುದು ತಮ್ಮನ ಕೆಲಸ. ಮಾತು ನಿಂತ ಮೇಲೆ ಆ ಕೂಗೂ ನಿಂತು, ತಮ್ಮ ಗದ್ದ ಎತ್ತಿದರೆ ಅಣ್ಣ ನಿಲ್ಲಿಸುತ್ತಿದ್ದ.

“ಪೆಟ್ರೋಲ್ ಮುಗೀತಾ ಬಂತು ಅಂತ ಹೇಳೇ ಅವನಿಗೆ,” ಎಂದ ಅಣ್ಣ, ಅಡುಗೆಮನೆಯ ಕಿಟಕಿಯತ್ತ ತಿರುಗಿ.

“ನಿಮ್ಮ ಮೂಗಿನ ಕೆಳಗೇ ನಿಂತಿದಾನಲ್ರೀ! ನಾನೇನು ಟಪಾಲಿನವಳಾ?” ಎಂದಳು ಅತ್ತಿಗೆ. “ಏನಪ್ಪಾ ಮೈದುನ, ಕೇಳಿಸ್ತಾ?”

“ಕೇಳಿಸ್ತು ಅತ್ತಿಗೆ. ತುಂಬ್ತೀನಿ ಅಂತ ಹೇಳಿ.”

“ಹೇಳಲ್ಲ ಹೋಗಿ. ಇಬ್ಬರಿಗೂ ಬಾಯಿಗೆ ಬೆಣೆ ಹೊಡೆದಿದೆ, ನನ್ನ ಬಾಯೇ ಬಿಟ್ಟಿ ಸಿಕ್ಕಿದ್ದು.”

ತಮ್ಮನಿಗೆ ನಗು ಬಂತು. ಅಣ್ಣನ ಗಂಟುಮುಖ ಕಂಡು ನುಂಗಿಕೊಂಡ. ನೆಲ ಯಾರಿಗಾದರೂ ಹೋಗಲಿ, ಬೇಲಿ ಎದ್ದು ನಿಲ್ಲುವುದರೊಳಗೆ ಅಣ್ಣ ತನ್ನನ್ನು ಒಮ್ಮೆ ‘ಲೋ’ ಎಂದು ಕರೆದರೆ ಸಾಕಾಗಿತ್ತು ಅವನಿಗೆ.

ನಡುವಿನ ಗುಂಡಿಗೆ ಬಂದರು. ಎರಡೂ ಮನೆಗೆ ನೀರು ಹೋಗುವ ಪೈಪು ಅಲ್ಲಿ ಸ್ವಲ್ಪ ದೂರ ಬೇಲಿಯ ಗೆರೆಯಲ್ಲೇ ಹಾಯ್ದಿತ್ತು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹಾರೆ ಹಿಡಿದು ಅದಕ್ಕೆ ಕಾಲುವೆ ತೋಡಿದವರು ಈ ಇಬ್ಬರೇ. ಬೈರಿಗೆ ಇಳಿಯತೊಡಗಿತು. ಸುರುಳಿಯಂಚಿನಿಂದ ಕೆಮ್ಮಣ್ಣು ಏರಿ ಬಂತು, ಆಮೇಲೆ ಪೈಪಿನ ಮೇಲೆ ಹಾಸಿದ್ದ ಮರಳು. ಗದ್ದ ಎತ್ತಬೇಕಿತ್ತು, ತಮ್ಮ ಎತ್ತಲಿಲ್ಲ. ಅಣ್ಣನಿಗೂ ಈ ಜಾಗ ಗೊತ್ತು, ಈಗಲಾದರೂ ‘ಲೋ, ಪೈಪು!’ ಎಂದು ಗದರದೆ ಇರಲಾರ ಎಂದು ಉಸಿರು ಬಿಗಿಹಿಡಿದು ಕಾದ.

ಹಿಡಿ ಜಗ್ಗಿ ಪಕ್ಕೆಗೆ ಬಡಿಯಿತು. ಗುಂಡಿಯಿಂದ ನೀರು ಚಿಮ್ಮಿ ಇಬ್ಬರ ಮುಖವನ್ನೂ ತೋಯಿಸಿತು. ಅಣ್ಣ ಎಂಜಿನ್ ಆರಿಸಿ, ಓಡಿಹೋಗಿ ವಾಲ್ವ್ ತಿರುಗಿಸಿ ಬಂದ. ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ತಮ್ಮನನ್ನೇ ನೋಡಿದ.

“ನಿಂಗೆ ಗೊತ್ತಿತ್ತಲ್ವೇನೋ?”

“ಗೊತ್ತಿತ್ತು. ನಿಂಗೆ?”

“ನಂಗೂ ಗೊತ್ತಿತ್ತು.” ಅಣ್ಣ ಮುಖ ಒರೆಸಿಕೊಂಡ. “ನೀನು ಕೂಗ್ತೀಯ ಅಂತ ಕಾಯ್ತಿದ್ದೆ ಕಣೋ.”

ಇಬ್ಬರೂ ಒಂದೇ ಪೈಪಿನ ಮೇಲೆ ನಿಂತು, ಒಬ್ಬರ ದನಿಗೆ ಇನ್ನೊಬ್ಬರು ಕಾದಿದ್ದರು.

“ಹೋಗ್ಲಿ ಬಿಡು, ಜೋಡಿಸಿದ್ರಾಯ್ತು,” ಎಂದ ಅಣ್ಣ. ದನಿ ಮೊದಲಿನದೇ ಆಗಿತ್ತು. “ಈ ಕಂಬ ಒಂದಡಿ ಸರಿಸೋಣ.”

“ಯಾವ ಕಡೆಗೆ?”

ಬೇರೆಯವರ ಬೇಲಿಯಾಗಿದ್ದರೆ ಅದು ಕೆಲಸದವನು ದಿನಾ ಕೇಳುವ ಪ್ರಶ್ನೆ. ನಾಲಿಗೆಯಿಂದ ಜಾರಿದ ಮೇಲೆ ತಮ್ಮನಿಗೆ ಅದರ ಭಾರ ತಿಳಿಯಿತು. ಅಣ್ಣನ ಮುಖದಲ್ಲಿ ಆಗ ತಾನೇ ಸಡಿಲವಾಗಿದ್ದುದೆಲ್ಲ ಮತ್ತೆ ಬಿಗಿಯಿತು.

“ನನ್ನ ಕಡೆಗೇ,” ಎಂದು ಎದ್ದು, ಬೈರಿಗೆ ಚಾಲೂ ಮಾಡುವ ಹಗ್ಗ ಎಳೆದ.

“ಅಣ್ಣಾ, ನಾನು ಹಾಗೆ ಕೇಳಿದ್ದಲ್ಲ—”

ಎಂಜಿನ್ನಿನ ಅಬ್ಬರದಲ್ಲಿ ಆ ಮಾತು ಯಾರಿಗೂ ಕೇಳಿಸಲಿಲ್ಲ. ತಮ್ಮ ತನ್ನ ಹಿಡಿ ಹಿಡಿದ. ಹೊಸ ಗುಂಡಿ ಆಳಕ್ಕಿಳಿದಾಗ ಗದ್ದ ಎತ್ತಿದ, ಅಣ್ಣ ನಿಲ್ಲಿಸಿದ.

ಬೇಲಿ ಈಗಲೂ ಅಲ್ಲಿ ಅಣ್ಣನ ಕಡೆಗೆ ಒಂದಡಿ ಬಾಗಿದೆ. ಉಳಿದೆಲ್ಲ ನೂಲು ಹಿಡಿದಂತಿರುವ ಕೆಲಸದಲ್ಲಿ ಅದೊಂದೇಕೆ ಹಾಗೆಂದು ಕೇಳಿದವರಿಗೆ, ಕೆಳಗೆ ನೀರಿನ ಪೈಪಿದೆ ಎಂದಷ್ಟೇ ಹೇಳಿ ತಮ್ಮ ಒಳಗೆ ಹೋಗುತ್ತಾನೆ. ಬಾಗಿನೊಳಗಿನ ಆ ತುಂಡು ನೆಲದಲ್ಲಿ ಅವನು ಏನನ್ನೂ ನೆಟ್ಟಿಲ್ಲ.