ಅಪ್ಪನ ಹೆಸರಿನ ಕಾಲಂ

ನನ್ನ ಬಾಯಿ ಕೆಟ್ಟದ್ದು ಅಂತ ಹೊಸಪೇಟೆಯ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಪ್ರವೇಶದ ಪಟ್ಟಿ ಅಂಟಿಸಿದ ದಿನ ಕೌಂಟರಿಗೆ ಬಂದ ದುರುಗವ್ವನಿಗೂ ಮುಖ ಎತ್ತದೆಯೇ ಹೇಳಿದ್ದೆ: "ಕಂಪ್ಯೂಟರ್ ತಪ್ಪು ಹೇಳಂಗಿಲ್ಲಮ್ಮ. ಲಿಸ್ಟಿನ್ಯಾಗ ಇಲ್ಲಂದ್ರ ಇಲ್ಲ, ಜಾಗ ಬಿಡು."

ಆಕೆ ಜಾಗ ಬಿಡಲಿಲ್ಲ. ಮಗಳು ದೇವಿಕಾಳನ್ನು ಕರೆದುಕೊಂಡು ಚೋರನೂರಿನಿಂದ ಬಸ್ಸು ಬದಲಿಸಿ ಬಂದಿದ್ದಳು. ಅಂಕಪಟ್ಟಿಯನ್ನು ಗಾಜಿನ ಕೆಳಗಿಂದ ತೂರಿಸಿದಳು. "ತೊಂಬತ್ತೊಂದು ಐತ್ರಿ ಅಕ್ಕಾರ. ಎಂಬತ್ತೆರಡು ಬಂದಾಕಿ ಹೆಸರು ಐತಿ, ನನ್ನ ಮಗಳದ್ದಿಲ್ಲ. ಇನ್ನೊಂದ್ಸಲ ನೋಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಗೊಣಗುತ್ತಲೇ ನೋಡಿದೆ. ಅಂಕ ಸರಿಯಾಗಿತ್ತು. ಕೊನೆಯ ಕಾಲಂನಲ್ಲಿ ಉಳಿದವರಿಗೆಲ್ಲ 'ಆಯ್ಕೆ' ಅಥವಾ 'ತಿರಸ್ಕೃತ' ಅಂತ ಬಂದಿತ್ತು. ದೇವಿಕಾಳ ಮುಂದೆ ಎರಡೂ ಇಲ್ಲ, ಬರೀ ಖಾಲಿ. ಖಾಲಿ ಇರುವ ಸಾಲು ಪ್ರಿಂಟಿನಲ್ಲಿ ಬರುವುದೇ ಇಲ್ಲ. ಆ ಫಾರ್ಮುಲಾ ಬರೆದವಳು ನಾನೇ, ಎರಡು ವರ್ಷದ ಹಿಂದೆ.

ಪ್ರಿನ್ಸಿಪಾಲ್ ಗೋಪೀನಾಥರು ಬಾಗಿಲಿಗೆ ಬಂದರು. "ಶ್ರೀವಾಣಿಯವರೇ, ನಾಲ್ಕಕ್ಕೆ ಲಿಸ್ಟ್ ಯೂನಿವರ್ಸಿಟಿಗೆ ಹೋಗಬೇಕು. ಆಮೇಲೆ ಬ್ರಹ್ಮ ಬಂದ್ರೂ ಒಂದು ಹೆಸರು ಸೇರಂಗಿಲ್ಲ."

ಆಗಲೇ ಎರಡೂವರೆ. ಫಾರ್ಮುಲಾ ತೆರೆದು ಬ್ರಾಕೆಟ್ ಎಣಿಸಿದೆ, ಸರಿಯಿದ್ದವು. ಅಂಕ ಅಳಿಸಿ ಮತ್ತೆ ಒತ್ತಿದೆ. ಖಾಲಿ. ಕನಿಷ್ಠ ಎಪ್ಪತ್ತು ಅಂತಿದ್ದದ್ದನ್ನು ಏಳು ಮಾಡಿದೆ. ಏಳಕ್ಕೆ ಬೀದಿಯ ಕತ್ತೆಗೂ ಸೀಟು ಸಿಗಬೇಕು, ಈ ಹುಡುಗಿಗೆ ಮಾತ್ರ ಖಾಲಿ! ಕಂಡ ದೇವರಿಗೆಲ್ಲ ಹರಕೆ ಹೊತ್ತೆ, ಆ ಸಾಫ್ಟ್‌ವೇರ್ ಮಾಡಿದವನ ವಂಶಕ್ಕೆಲ್ಲ ಶಾಪ ಹಾಕಿದೆ. ಗಾಜಿನಾಚೆ ದುರುಗವ್ವ ನೆಲದ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಮೂರೂಕಾಲಾಯಿತು. ಬೇರೆ ದಾರಿ ಕಾಣದೆ, ತೊಂಬತ್ತೊಂದೇ ಬಂದಿದ್ದ ಇನ್ನೊಬ್ಬಳ ಸಾಲನ್ನು ದೇವಿಕಾಳ ಸಾಲಿನ ಪಕ್ಕದಲ್ಲಿಟ್ಟು ಒಂದೊಂದೇ ಕಾಲಂ ತಾಳೆ ನೋಡಿದೆ. ಅರ್ಧ ಗಂಟೆಯ ಹತ್ತಿರ ಹಿಡಿಯಿತು. ಸಿಕ್ಕಿತು. ದೇವಿಕಾಳ ಅಪ್ಪನ ಹೆಸರಿನ ಕಾಲಂನಲ್ಲಿ ಏನೂ ಇರಲಿಲ್ಲ. ನಮ್ಮಲ್ಲಿ ಸಿಬ್ಬಂದಿಯ ಮಕ್ಕಳಿಗೆ ಅಂಕದಲ್ಲಿ ರಿಯಾಯಿತಿ ಇದೆ. ಅದಕ್ಕೇ ನನ್ನ ಫಾರ್ಮುಲಾ ಮೊದಲು ಅಪ್ಪನ ಹೆಸರು ಸಿಬ್ಬಂದಿಯ ಪಟ್ಟಿಯಲ್ಲಿದೆಯೇ ಅಂತ ಕೇಳುತ್ತಿತ್ತು. ಹೆಸರೇ ಇಲ್ಲದಿದ್ದರೆ ಅದು ಅಲ್ಲೇ ನಿಂತುಬಿಡುತ್ತಿತ್ತು, ಅಂಕದ ತನಕ ಬರುತ್ತಲೇ ಇರಲಿಲ್ಲ.

ಪರೀಕ್ಷೆ ಮಾಡೋಣ ಅಂತ ಆ ಕಾಲಂನಲ್ಲಿ ಬಾಯಿಗೆ ಬಂದ ಹೆಸರೊಂದನ್ನು ಒತ್ತಿದೆ. 'ಆಯ್ಕೆ' ಅಂತ ಬಂತು.

"ಸಾಕ್ರಿ, ಹಂಗಾ ಕಳಿಸಿಬಿಡ್ರಿ" ಅಂದರು ಗೋಪೀನಾಥರು. "ಇನ್ನು ಕಾಲು ಗಂಟೆ ಐತಿ."

ದೇವಿಕಾ ಗಾಜಿಗೆ ಹಣೆ ಹಚ್ಚಿ ನನ್ನ ಕಂಪ್ಯೂಟರಿನ ಪರದೆ ಓದುತ್ತಿದ್ದಳು. "ವೇದಾಂತಾಚಾರ್ ಅಂದ್ರ ಯಾರ್ರಿ ಮೇಡಂ?"

"ನಮ್ಮಪ್ಪ" ಅಂದೆ. ನಾಚಿಕೆಯಾಯಿತು.

ದುರುಗವ್ವ ಎದ್ದು ಬಂದಳು. "ನನಗ ಸಣ್ಣಾಕಿದ್ದಾಗ ಮುತ್ತು ಕಟ್ಟಿ, ದೇವದಾಸಿ ಅಂತ ದೇವರಿಗೆ ಬಿಟ್ಟಾರ್ರಿ. ಈಕಿಗೆ ಅವ್ವಾನೂ ನಾನಾ, ಅಪ್ಪಾನೂ ನಾನಾ. ಇನ್ನೊಬ್ರ ಅಪ್ಪನ್ನ ಬ್ಯಾಡ್ರಿ ಅಕ್ಕಾರ. ಹಂಗ ಇದ್ರ ಆಗಂಗಿಲ್ಲೇನ್ರಿ?"

ಹೆಸರು ಅಳಿಸಿದೆ, ಏಳನ್ನು ಮತ್ತೆ ಎಪ್ಪತ್ತು ಮಾಡಿದೆ. ಫಾರ್ಮುಲಾದ ತಲೆಗೆ ಒಂದು ಸಾಲು ಸೇರಿಸಿದೆ: ಅಪ್ಪನ ಹೆಸರು ಖಾಲಿಯಿದ್ದರೆ ನೇರವಾಗಿ ಅಂಕ ನೋಡು. ಅಷ್ಟೇ. ನಾಲ್ಕಕ್ಕೆ ಐದು ನಿಮಿಷವಿರುವಾಗ ದೇವಿಕಾಳ ಹೆಸರು ನಾಲ್ಕನೆಯದಾಗಿ ಬಂತು, ಪಟ್ಟಿ ಹೋಯಿತು. ದುರುಗವ್ವ ಗಾಜಿಗೇ ಕೈ ಮುಗಿದಳು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಅಂದಳು.

ಅಲ್ಲಿಗೇ ಬ್ಯಾಗು ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಮನಸ್ಸು ಕೇಳಲಿಲ್ಲ. ಹಿಂದಿನ ಎರಡು ವರ್ಷದ ಪಟ್ಟಿಗಳನ್ನು ತೆರೆದು ಈ ಹೊಸ ಸಾಲಿನೊಂದಿಗೆ ಮತ್ತೆ ಓಡಿಸಿದೆ. ಐದು ಹೆಸರು ಹೆಚ್ಚಾಗಿ ಬಂದವು.

ಅಯ್ಯೋ ದೇವರೇ ಅಂತ ಒಬ್ಬೊಬ್ಬರಿಗೇ ಫೋನು ಹಚ್ಚಿದೆ. ನಾಲ್ಕು ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಐದನೆಯದನ್ನು ಹುಡುಗಿಯ ತಾಯಿ, ಕಂಪ್ಲಿಯ ಕರೆಮ್ಮ, ಎತ್ತಿದಳು. ಕಾಲೇಜಿನಿಂದ ಅಂದೆ, ಮಗಳೆಲ್ಲಿ ಅಂದೆ.

"ನಾಟಿ ಹಚ್ಚಾಕ ಹೋಗ್ಯಾಳ್ರಿ. ಯಾಕ್ರಿ?"

ಹೋದ ವರ್ಷ ಆಕೆಗೆ ಸೀಟು ಬರಬೇಕಿತ್ತು, ತಪ್ಪು ನಮ್ಮದು ಅಂತ ತೊದಲಿದೆ. ತಡೆಯಲಾರದೆ ಕೇಳಿಬಿಟ್ಟೆ, "ನೀವು ಅವತ್ತಾ ಬಂದು ಯಾಕ ಕೇಳಲಿಲ್ಲಮ್ಮ?"

"ಬಂದಿದ್ವಲ್ರಿ" ಅಂದಳು ಕರೆಮ್ಮ. "ಕಂಪ್ಯೂಟರ್ ತಪ್ಪು ಹೇಳಂಗಿಲ್ಲ ಅಂತ ಅಲ್ಲಿ ಕುಂತಿದ್ದ ಅಕ್ಕಾರು ಅಂದ್ರು. ಅದಕ್ಕಾ ಹೊಳ್ಳಿ ಬಂದ್ವಿ. ಈಗ ಅವ್ರಿಗೇನೂ ಅನ್ನಬ್ಯಾಡ್ರಿ, ಪಾಪ, ಅವ್ರಿಗೇನು ಗೊತ್ತಿರತೈತಿ."