ಮೂಲೆ ಮೇಜಿನವರ ಮಾತು

ಮೂಲೆ ಮೇಜಿನ ಗಿರಾಕಿಯೊಬ್ಬರು ಸದ್ದು ಜಾಸ್ತಿ ಅಂದರೆಂದು ಪಿಜ್ಜಾ ಅಂಗಡಿಯ ಯಜಮಾನ ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನನ್ನು ಆರಿಸಿದ. ಅದೇ ವಾರ ಒಂದು ಮಧ್ಯಾಹ್ನ ಒಲೆಯ ಮುಂದೆ ನಿಂತಿದ್ದ ಹೆಂಗಸು ಹಿಟ್ಟು ನಾದುವ ಮೇಜಿನ ಮೇಲೆ ಮುಖ ಅಡಿಯಾಗಿ ಬಿದ್ದಳು. ಆ ಹೊತ್ತಿನಲ್ಲಿ ಪಿಜ್ಜಾ ತಡವಾಯಿತೆಂದು ಎರಡು ಮೇಜಿನವರು ದೂರಿದರು.

ಬಿದ್ದವಳು ಅತ್ತಿಗೆ. ಅವಳನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿ, ನೆತ್ತಿಗೆ ನೀರು ತಟ್ಟಿ, ಕೆನ್ನೆಗೆ ಮೆತ್ತಿದ ಹಿಟ್ಟನ್ನು ಒರೆಸಿದವಳು ಅದೇ ಅಂಗಡಿಯಲ್ಲಿ ತಟ್ಟೆ ಹೊರುವ ನಾದಿನಿ. ಒರೆಸುವಾಗ ನಾದಿನಿಗೆ ಏನೂ ಅನ್ನಿಸಲಿಲ್ಲ. ಮೇಜು ಒರೆಸಿದ ಹಾಗೆ ಒರೆಸಿದಳು. ಕೈಯಲ್ಲಿದ್ದದ್ದೂ ಮೇಜು ಒರೆಸುವ ಬಟ್ಟೆಯೇ. ಒಳಗಿನಿಂದ ಯಜಮಾನನ ದನಿ ಬಂತು, "ಆಯ್ತೇನ್ರಮ್ಮಾ?" ಆಯಿತು. ಅತ್ತಿಗೆ ಎದ್ದು ಹೋಗಿ ಮತ್ತೆ ಒಲೆಯ ಮುಂದೆ ನಿಂತಳು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿ ಕೈ ತೊಳೆಯಲು ಏಳುವ ಮೊದಲು ನಾದಿನಿ ಮೇಜಿನ ಪಕ್ಕ ನಿಂತು, "ಎಲ್ಲ ಚೆನ್ನಾಗಿತ್ತಾ?" ಎಂದು ಕೇಳಬೇಕು. ಅವರು ಹೇಳಿದ್ದನ್ನು ಒಂದಕ್ಷರ ಚೆಲ್ಲದೆ ಗಲ್ಲಾದ ಬಳಿ ಕೂತ ಯಜಮಾನನಿಗೆ ಮುಟ್ಟಿಸಬೇಕು. ಅವಳನ್ನು ಕೆಲಸಕ್ಕೆ ಸೇರಿಸಿದ್ದು ಅತ್ತಿಗೆಯೇ. "ನಮ್ಮ ನಾದಿನಿ ಸಾರ್. ಬಾಯಿ ಸ್ವಲ್ಪ ಕಮ್ಮಿ, ಕಿವಿ ಮಾತ್ರ ಎರಡಾಳಿನದು" ಅಂದಿದ್ದಳು. ಅಂಥವಳೇ ಬೇಕಿತ್ತು ಯಜಮಾನನಿಗೆ.

ಬಂದ ಮಾತನ್ನು ಅವನು ಕೂಡಲೇ ನಡೆಸುತ್ತಿದ್ದ. ಒಂದು ಮೇಜಿನವರು ಉಪ್ಪು ಮುಂದು ಅಂದರೆ ಒಳಗೆ ಹುಕುಂ ಹೋಗುತ್ತಿತ್ತು, ಉಪ್ಪು ಇಳಿಸು. ಮುಂದಿನವರು ಸಪ್ಪೆ ಅಂದರೆ ಏರಿಸು. ಅಂಚು ಗಟ್ಟಿ, ಅಂಚು ಹಸಿ. ಚೀಸು ಎಳೆ ಎಳೆಯಾಗಿ ಬರುತ್ತೆ, ಎಂಥಾ ಸೊಗಸು. ಚೀಸು ರಬ್ಬರ್ ಇದ್ದ ಹಾಗಿದೆ. ಎರಡೂ ಒಂದೇ ಹಿಟ್ಟಿನದು, ಒಂದೇ ಬೆಂಕಿಯದು, ಒಂದೇ ಕೈಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಯಜಮಾನ ಮಾತ್ರ ಎತ್ತಿಗೂ ಹೌದು ಅನ್ನುತ್ತಿದ್ದ, ಕೋಣಕ್ಕೂ ಹೌದು ಅನ್ನುತ್ತಿದ್ದ. ಅದಕ್ಕೇ ಒಳಗಿನವರು ಅವನಿಗೆ ಇಟ್ಟ ಹೆಸರು ಹೌದಪ್ಪ.

"ಫ್ಯಾನು ಹಾಕಿ ಅಂತ ನೀವೇ ಒಂದು ಮಾತು ಕೇಳಬಾರದಾ ಅತ್ತಿಗೆ?" ಎಂದು ನಾದಿನಿ ಫ್ಯಾನು ಆರಿದ ಮೊದಲ ದಿನವೇ ಹಿಂಬಾಗಿಲ ಹೊರಗೆ ಅಂದಿದ್ದಳು.

"ಕೇಳಿದೆ ಕಣೇ. ನೀನೇನು ದುಡ್ಡು ಕೊಟ್ಟು ತಿನ್ನೋಕೆ ಬಂದಿದೀಯಾ ಅಂದ. ಹೌದಪ್ಪನ ಚಾವಡೀಲಿ ಅಲ್ಲಪ್ಪನ್ನ ಕೇಳೋರ್ಯಾರು?" ಅಂದು ಅತ್ತಿಗೆ ಕೆಮ್ಮಿದಳು. ಉಗುಳಿದ್ದು ಮಸಿಯ ಹಾಗಿತ್ತು. ಅದನ್ನು ಕಾಲಲ್ಲಿ ಮಣ್ಣು ಸರಿಸಿ ಮುಚ್ಚಿದಳು.

ಮೂಲೆ ಮೇಜಿನ ಮಾತನ್ನು ಹೊತ್ತು ತಂದವಳೂ ನಾದಿನಿಯೇ. ಆತ ಬೋಳುತಲೆಯ, ಒಳ್ಳೆಯ ಮಾತಿನ ಮನುಷ್ಯ. ವಾರಕ್ಕೊಮ್ಮೆ ಹೆಂಡತಿಯ ಜೊತೆ ಬರುತ್ತಿದ್ದ. "ಪಿಜ್ಜಾ ಬಹಳ ಚೆನ್ನಾಗಿತ್ತಮ್ಮ. ಅದೇನೋ ಒಳಗೆ ಗುಂಯ್ ಅಂತಿರುತ್ತಲ್ಲ, ಅದೊಂದು ಇಲ್ಲದಿದ್ರೆ ಸ್ವರ್ಗ" ಅಂದಿದ್ದ. ನಾದಿನಿ ಎರಡನ್ನೂ ಮುಟ್ಟಿಸಿದಳು. ಯಜಮಾನ ಎರಡನೆಯದನ್ನು ಹಿಡಿದುಕೊಂಡ. ಸ್ವಿಚ್ಚು ಅವನ ಕುರ್ಚಿಯ ಹಿಂದಿನ ಗೋಡೆಯಲ್ಲೇ ಇತ್ತು. ಕೂತಲ್ಲಿಂದಲೇ ಕೈ ಚಾಚಿದ. ಟಕ್. ಒಳಗೆ ಒಲೆಯಲ್ಲಿ ಸೌದೆ ಉರಿಯುತ್ತಲೇ ಇತ್ತು. ಹೊಗೆ ಹೊರಗೆ ಹೋಗಲು ದಾರಿ ಇಲ್ಲದೆ ಅತ್ತಿಗೆಯ ಕಡೆ ತಿರುಗಿತು.

ಬಿದ್ದ ದಿನ ಸಂಜೆ ನಾದಿನಿ ಅವಳನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಆಯಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಹೊಗೆಗೆ ಹೋಗಬೇಡಿ. ಇನ್ನೊಂದು ಸಲ ಹೀಗೆ ಬಿದ್ದರೆ ಏಳ್ತೀರಿ ಅಂತ ನಾನು ಹೇಳಲಾರೆ."

"ಮತ್ತೆಲ್ಲಿಗೆ ಹೋಗಲಿ, ಹೇಳಿ."

"ಗಾಳಿ ಇರೋ ಕಡೆ."

"ಗಾಳಿ ಇರೋ ಕಡೆ ಕೆಲಸ ಇಲ್ಲ, ಕೆಲಸ ಇರೋ ಕಡೆ ಗಾಳಿ ಇಲ್ಲ" ಅಂದಳು ಅತ್ತಿಗೆ. ಡಾಕ್ಟರು ನಗಲಿಲ್ಲ. ದಾರಿಯಲ್ಲಿ ನಾದಿನಿಯ ತೋಳು ಹಿಡಿದು ನಡೆಯುತ್ತ ಅತ್ತಿಗೆ ತಾನೇ ನಕ್ಕಳು. "ನಿಮ್ಮಣ್ಣನಿಗೆ ಹೇಳಬೇಡ. ಲಾರಿ ಓಡಿಸ್ತಾ ಅದನ್ನೇ ಯೋಚಿಸ್ತಾರೆ. ಬಿದ್ದೆ ಅಂತ ಯಾಕೆ ಅಂತೀಯ, ಹಿಟ್ಟಿಗೆ ಮುತ್ತು ಕೊಟ್ಟೆ ಅನ್ನು."

ನಾದಿನಿ ಹೂಂ ಅಂದಳು. ಅಳು ಬರಬೇಕಿತ್ತು, ಬರಲಿಲ್ಲ. ಬಿಸಿ ತಟ್ಟೆ ಹಿಡಿದೂ ಹಿಡಿದೂ ಅವಳ ಬೆರಳ ತುದಿ ಜಡ್ಡುಗಟ್ಟಿತ್ತು. ಸುಡುವುದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ಮಾತು ಹೊತ್ತೂ ಹೊತ್ತೂ ಒಳಗೂ ಹಾಗೇ ಆಗಿತ್ತೇನೋ.

ಮರುದಿನ ರಜೆಯ ದಿನ. ಅಂಗಡಿ ತುಂಬಿತ್ತು. ಬಾಗಿಲ ಪಕ್ಕದಲ್ಲಿ ಒಂದು ಸಂಸಾರ. ಅಜ್ಜ ಅಂಚು ಕಡಿಯಲಾಗದೆ ಅದನ್ನೆಲ್ಲ ತಟ್ಟೆಯ ಸುತ್ತ ಬೇಲಿ ಹಾಕಿದ ಹಾಗೆ ಜೋಡಿಸಿದ್ದ. "ಹಲ್ಲಿದ್ದೋರಿಗೆ ಮಾಡಿದ್ದು ಮಗಾ ಇದು" ಅಂದ. ಮಗಳು ರೇಗಿದಳು, "ಅಪ್ಪಾ, ಸುಮ್ನಿರಿ. ನೀನು ಚೆನ್ನಾಗಿತ್ತು ಅಂತ ಹೇಳಮ್ಮ." ಕಿಟಕಿಯ ಬಳಿ ಒಂದು ಜೋಡಿ. ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾದರೂ ಅವರಿಗೆ ಗೊತ್ತಾಗಿರಲಿಲ್ಲ. ಕೇಳಿದಾಗ, "ಏನು? ಓ, ಸೂಪರ್." ಒಬ್ಬನೇ ಕೂತಿದ್ದ ಗಾರೆಯವನು ಬೆರಳು ನೆಕ್ಕಿ, "ನನ್ನ ಮಗಳಿಗೆ ತಿನ್ನಿಸ್ಬೇಕು ಇದನ್ನ" ಅಂದ. ಅವನ ಹಿಂದಿನ ಮೇಜಿನ ಹೆಂಗಸು, "ಇದಕ್ಕೆ ಇಷ್ಟು ದೂರ ಬಂದೆವಾ?" ಅಂದಳು. ನಾದಿನಿ ಎಲ್ಲವನ್ನೂ ಒಂದೇ ದನಿಯಲ್ಲಿ ಗಲ್ಲಾಕ್ಕೆ ಮುಟ್ಟಿಸಿದಳು. ಹೌದಪ್ಪ ಎಲ್ಲಕ್ಕೂ ಹೌದು ಹೌದು ಅಂದ.

ಒಳಗೆ ಹೋದಾಗ ಹೊಗೆಯಲ್ಲಿ ಅತ್ತಿಗೆಯ ಬೆನ್ನು ಮಾತ್ರ ಕಾಣುತ್ತಿತ್ತು. ಉದ್ದ ಹಿಡಿಯ ಸಲಿಕೆಯನ್ನು ಒಲೆಗೆ ತಳ್ಳಿ, ಹೊರಗೆ ಎಳೆಯುವ ಮುಂಚೆ ಒಂದು ಕೈಯಲ್ಲಿ ಗೋಡೆ ಹಿಡಿದುಕೊಳ್ಳುತ್ತಿದ್ದಳು. ನಿನ್ನೆಯವರೆಗೆ ಗೋಡೆ ಹಿಡಿಯುತ್ತಿರಲಿಲ್ಲ.

"ಅತ್ತಿಗೆ, ತಲೆ ಸುತ್ತುತ್ತಾ?"

"ಸುತ್ತೋದು ತಲೆಯಲ್ಲ, ಗೋಡೆ. ಹಿಡ್ಕೊಂಡಿದೀನಿ, ಎಲ್ಲೂ ಹೋಗಲ್ಲ ಬಿಡು."

ನಾದಿನಿ ತಟ್ಟೆ ತೆಗೆದುಕೊಂಡು ಹೊರಗೆ ಬಂದಳು. ಮಕ್ಕಳ ಜೊತೆ ಕೂತಿದ್ದ ತಾಯಿಯೊಬ್ಬಳಿಗೆ ಕೊಟ್ಟಳು. ತಿಂದಾದ ಮೇಲೆ ಕೇಳಿದಳು. ಆ ತಾಯಿ, "ಮಕ್ಕಳು ಪೂರ್ತಿ ತಿಂದ್ರಲ್ಲ, ನನಗಷ್ಟೇ ಸಾಕು" ಅಂದಳು. ನಾದಿನಿ ಗಲ್ಲಾಕ್ಕೆ ಹೋಗಿ, ಅದೇ ದನಿಯಲ್ಲಿ, ರೆಪ್ಪೆ ಬಡಿಯದೆ ಹೇಳಿದಳು, "ಹೊಗೆ ವಾಸನೆ ಅಂತೆ. ಮಕ್ಕಳಿಗೆ ಕಣ್ಣುರಿಯಂತೆ. ಇನ್ನು ಬರಲ್ಲವಂತೆ."

ಅವಳು ಮಾತು ಬದಲಿಸಿ ತಂದದ್ದು ಅದೇ ಮೊದಲು.

"ಹೌದಾ? ಹೌದು ಹೌದು" ಎಂದು ಯಜಮಾನ ಗಾಬರಿಯಾಗಿ ಕೈ ಚಾಚಿದ. ಟಕ್. ಒಳಗೆ ಫ್ಯಾನು ಗುಂಯ್ ಅಂತು. ಸ್ವಲ್ಪ ಹೊತ್ತಿಗೆ ಒಳಬಾಗಿಲಲ್ಲಿ ಅತ್ತಿಗೆಯ ಮುಖ ಕಾಣಿಸಿತು. ಕಣ್ಣು ಕೆಂಪಾಗಿತ್ತು. "ಯಾವ ಪುಣ್ಯಾತ್ಮರೇ ಹೇಳಿದ್ದು? ಅವರ ಪಿಜ್ಜಾಕ್ಕೆ ಇನ್ನೆರಡು ಹಿಡಿ ಚೀಸು ಹಾಕ್ತೀನಿ."

"ಮಕ್ಕಳ ತಾಯಿ" ಅಂದಳು ನಾದಿನಿ.

ಫ್ಯಾನು ತಿರುಗಿತು. ಅತ್ತಿಗೆ ಗೋಡೆ ಬಿಟ್ಟು ನಿಂತಳು. ನಾದಿನಿ ಹೋಗುತ್ತ ಬರುತ್ತ ಅದನ್ನು ನೋಡಿದಳು. ಇಷ್ಟೇ ಸಾಕಿತ್ತಲ್ಲ ಅಂದುಕೊಂಡಳು.

ಸಾಕಾಗಲಿಲ್ಲ. ಸುಳ್ಳಿನ ಆಯಸ್ಸು ಮುಂದಿನ ಮೇಜಿನವರೆಗೆ. ಬೋಳುತಲೆಯವನು ಹೆಂಡತಿಯ ಜೊತೆ ಬಂದು ಮೂಲೆ ಮೇಜಿನಲ್ಲಿ ಕೂತ. ಅರ್ಧ ತಿಂದವನು ನಾದಿನಿ ಕೇಳುವವರೆಗೂ ಕಾಯಲಿಲ್ಲ. ಗಲ್ಲಾದ ಕಡೆ ತಿರುಗಿ ತಾನೇ ನಗುತ್ತ ಕೂಗಿದ, "ಏನ್ ಸ್ವಾಮಿ, ಮತ್ತೆ ಶುರುವಾಯ್ತಲ್ಲ ನಿಮ್ಮ ಸಂಗೀತ!"

"ಹೌದು ಸಾರ್, ಹೌದು ಸಾರ್, ಈಗಲೇ" ಎಂದು ಯಜಮಾನ ಎದ್ದೇಬಿಟ್ಟ. ಒಂದು ಕೈಯಲ್ಲಿ ಚಿಲ್ಲರೆ, ಇನ್ನೊಂದು ಕೈಯಲ್ಲಿ ಫೋನು. ಕುರ್ಚಿಯ ಹಿಂದಿನ ಗೋಡೆಯ ಬಳಿ ಖಾಲಿ ತಟ್ಟೆಗಳನ್ನು ಹೊತ್ತು ನಿಂತಿದ್ದ ನಾದಿನಿಗೆ ಗದ್ದದಲ್ಲೇ ಸನ್ನೆ ಮಾಡಿದ. "ಆರಿಸಮ್ಮ ಅದನ್ನ."

ನಾದಿನಿ ಸ್ವಿಚ್ಚಿನ ಕಡೆ ನೋಡಿದಳು. ಒಳಬಾಗಿಲ ಕಡೆ ನೋಡಿದಳು. ಅಲ್ಲಿ ಅತ್ತಿಗೆ ಸಲಿಕೆ ಎಳೆಯುತ್ತಿದ್ದಳು, ಎರಡೂ ಕೈಯಲ್ಲಿ.

"ಕೇಳಿಸ್ಲಿಲ್ವಾ? ಕಿವಿ ಎರಡಾಳಿನದು ಅಂದಿದ್ರಲ್ಲ ನಿಮ್ಮತ್ತಿಗೆ?"

"ಕೇಳಿಸ್ತು."

"ಮತ್ತೆ?"

ಅವಳು ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟಳು. ಸ್ವಿಚ್ಚು ಬೆನ್ನ ಮೂಳೆಗೆ ಒತ್ತಿ ನೋಯಿತು.

"ಗಿರಾಕಿ ಹೇಳ್ತಿದಾರೆ ಕಣಮ್ಮ" ಎಂದು ಯಜಮಾನ ದನಿ ತಗ್ಗಿಸಿದ. ಅಜ್ಜ, ಜೋಡಿ, ಗಾರೆಯವನು, ಎಲ್ಲರೂ ತಿನ್ನುವುದು ಬಿಟ್ಟು ನೋಡುತ್ತಿದ್ದರು. "ಸರಿ ಪಕ್ಕಕ್ಕೆ. ನಾನೇ ಆರಿಸ್ತೀನಿ."

"ಸರಿಯಲ್ಲ" ಅಂದಳು ನಾದಿನಿ. "ಆರಿಸೋಕೂ ಬಿಡಲ್ಲ."